‘ಸಸ್ಯಾಹಾರಿ’ ವ್ಯಾಂಪೈರ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ.

ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ (2005) ಕಾದಂಬರಿಯ ಕಲೆನ್ ಮನೆಯವರು ರಕ್ತ ಕುಡಿದು ಬದುಕುವ ವ್ಯಾಂಪೈರ್‌ಗಳು. ಆದರೆ ಮನುಷ್ಯರ ರಕ್ತ ಕುಡಿಯಬಾರದು ಎಂದು ಹಟ ಹಿಡಿದವರು. ಜಿಂಕೆ, ಕರಡಿ ಬೇಟೆಯಾಡಿ ಬದುಕುತ್ತಾರೆ. ತಮ್ಮನ್ನು ತಮಾಷೆಗೆ ‘ವೆಜಿಟೇರಿಯನ್’ ಅಂತ ಕರೆದುಕೊಳ್ಳುತ್ತಾರೆ. ಕನ್ನಡದಲ್ಲಿ ‘ಸಸ್ಯಾಹಾರಿ’ ಅಂದುಬಿಟ್ಟರೆ ಸಾಕಾ?

ಪದದಲ್ಲಿ ಸಸ್ಯ, ಬಾಯಲ್ಲಿ ಕರಡಿ. ಅದಿರಲಿ, ತಮಾಷೆ ಇರುವುದೇ ಅಲ್ಲಿ. ನನ್ನ ತಕರಾರು ಬೇರೆ. ನಮ್ಮಲ್ಲಿ ‘ನಾವು ಸಸ್ಯಾಹಾರಿಗಳು’ ಅನ್ನುವುದು ಹೆಚ್ಚಾಗಿ ಹುಟ್ಟಿದ ಮನೆಯ ಮಾತು. ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಅದು ಯಾವ ಪ್ರಶ್ನೆಗೆ ಉತ್ತರ ಅಂತ. ಕಲೆನ್ ಮನೆಯವರದು ಇದರ ತದ್ವಿರುದ್ಧ. ಅವರ ಮೈ ಕೇಳುವುದೇ ಒಂದು, ಅವರು ಆರಿಸಿಕೊಂಡದ್ದೇ ಇನ್ನೊಂದು.

ಆ ಮನೆಯ ಹಿರಿಯ ಕಾರ್ಲೈಲ್ 17ನೇ ಶತಮಾನದ ಲಂಡನ್ನಿನ ಪಾದ್ರಿಯ ಮಗ. ವ್ಯಾಂಪೈರ್ ಆದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಎತ್ತರದಿಂದ ಹಾರುತ್ತಾನೆ. ಪುಣ್ಯಕೋಟಿಯ ಹುಲಿ ಹಾರಿ ಸತ್ತು ಪಾರಾಯಿತು. ಇವನಿಗೆ ಆ ದಾರಿಯೂ ಇಲ್ಲ, ಹಾರಿದರೂ ಸಾವು ಬರುವುದಿಲ್ಲ. ಹಸಿವು ತಡೆಯಲಾಗದೆ ಜಿಂಕೆ ಹಿಂಡಿನ ಮೇಲೆ ಬಿದ್ದಾಗಲೇ ಗೊತ್ತಾಗುವುದು, ಹೀಗೂ ಬದುಕಬಹುದು ಅಂತ. ಆಮೇಲೆ ಡಾಕ್ಟರ್ ಆಗಿ ರಕ್ತದ ನಡುವೆಯೇ ಕೆಲಸ ಮಾಡುತ್ತಾನೆ.

ಇದಕ್ಕೆ ‘ಸಂಯಮ’ ಅಂದರೆ ಸಪ್ಪೆ. ಆ ಪದದಲ್ಲಿ ಹಸಿವೇ ಕೇಳಿಸುವುದಿಲ್ಲ. ‘ವ್ರತ’ಕ್ಕೆ ಮುಗಿಯುವ ದಿನ ಇರುತ್ತದೆ. ‘ಪಥ್ಯ’ ಇನ್ನೊಬ್ಬರು ಹೇಳಿ ಮಾಡಿಸುವುದು. ನನಗೆ ಹಿಡಿಸಿದ್ದು ‘ಬಾಯಿ ಕಟ್ಟುವುದು’. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ದಿನಾ ಕೇಳುವ ಮಾತು. ಆಸೆ ಹೋಗಿಲ್ಲ, ಆದರೂ ತಿನ್ನುವುದಿಲ್ಲ ಅನ್ನುವುದು ಅದರಲ್ಲೇ ಇದೆ, ಅಲ್ವಾ? ವ್ಯಾಂಪೈರ್‌ಗಂತೂ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಏನೆಂದರೆ, ಇದು ಕೆಲಸವನ್ನು ಹೇಳುತ್ತದೆ, ಆಳನ್ನು ಹೇಳುವುದಿಲ್ಲ. ‘ಬಾಯಿ ಕಟ್ಟಿದವರು’ ಅಂದರೆ ಯಾರೋ ಅವರ ಬಾಯಿಗೆ ಬಟ್ಟೆ ಬಿಗಿದ ಹಾಗಾಗುತ್ತದೆ.

ಇನ್ನೊಂದು ತೊಡಕು ಅದೇ ಮನೆಯ ಎಡ್ವರ್ಡ್‌ನದು. ಅವನು ನಡುವೆ ಕೆಲವು ವರ್ಷ ಮನೆ ಬಿಟ್ಟು ಹೋಗಿ, ಕೆಟ್ಟವರನ್ನಷ್ಟೇ ಕೊಲ್ಲುತ್ತೇನೆ ಅಂತ ಮನುಷ್ಯರ ರಕ್ತ ಕುಡಿದವನು. ಆಮೇಲೆ ವಾಪಸ್ ಬಂದ, ಮನೆಯವರು ಸೇರಿಸಿಕೊಂಡರು. ‘ವ್ರತಭಂಗ’ ಅಂದರೆ ಅಲ್ಲಿಗೆ ಎಲ್ಲ ಮುಗಿಯಿತು ಅನಿಸುತ್ತದೆ. ಹೀಗೆ ನೇಮ ತಪ್ಪಿ, ಮತ್ತೆ ಬಾಯಿ ಕಟ್ಟಿ ಕೂತವನಿಗೆ ನಿಮ್ಮ ಕಡೆ ಏನಂತಾರೆ?