ಸಹಾಯ ಬೇಕು: ಸಾಫ್ಟ್‌ವೇರ್ ಒಪ್ಪಂದದಿಂದ ಹೊರಬರುವುದು ಹೇಗೆ?

ಬೈಕಂಪಾಡಿಯಲ್ಲಿ ನಮ್ಮ ಗೇರುಬೀಜ ಕಾರ್ಖಾನೆಯಿದೆ, ಚಿತ್ರದುರ್ಗದ ಕಡೆ ಗಾಳಿಯಂತ್ರಗಳಿವೆ. ಅವುಗಳ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರಗಳ ಲೆಕ್ಕವಿಡಲು ಒಂದು ಸಾಫ್ಟ್‌ವೇರ್ ಕಂಪನಿಯ ಸೇವೆ ಪಡೆಯುತ್ತಿದ್ದೇವೆ. ತಯಾರಾದ ಪ್ರತಿ 1,000 ಯೂನಿಟ್ ವಿದ್ಯುತ್ತಿಗೆ ಒಂದು ಪ್ರಮಾಣಪತ್ರ; ಮೂಲ ದಾಖಲೆ ಹೇಗೂ ದೇಶದ ವಿದ್ಯುತ್ ಜಾಲವನ್ನು ನೋಡಿಕೊಳ್ಳುವ ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿರುತ್ತದೆ. ಇಷ್ಟಕ್ಕೆ ವರ್ಷವರ್ಷವೂ ಏರುವ ಶುಲ್ಕ ದಂಡವೇ ಸರಿ.

60 ದಿನ ಮೊದಲು ಲಿಖಿತ ನೋಟಿಸ್ ಕೊಡದಿದ್ದರೆ ಒಪ್ಪಂದ ತಾನಾಗಿಯೇ ಮುಂದುವರಿಯುತ್ತದೆ. ಇಮೇಲ್ ಸಾಕೇ, ಅಂಚೆಯಲ್ಲೂ ಕಳುಹಿಸಬೇಕೇ? ಹಳೆಯ ಮೀಟರ್ ರೀಡಿಂಗ್‌ಗಳನ್ನು ಎಕ್ಸೆಲ್‌ನಲ್ಲಿ ಕೇಳಿದರೆ ಪಿಡಿಎಫ್ ಬರುತ್ತದೆ, ಅದೂ ಅಡ್ಡಡ್ಡ ಸ್ಕ್ಯಾನ್ ಮಾಡಿದ್ದು! ನಡುವೆ ಬಿಟ್ಟರೆ ಉಳಿದ ಅವಧಿಯ ಪೂರ್ತಿ ಶುಲ್ಕ ಕಟ್ಟಬೇಕಂತೆ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ಸಮಂಜಸ ಪರಿಹಾರವನ್ನಷ್ಟೇ ಅಲ್ಲವೇ?

ಇಂಥ ಒಪ್ಪಂದ ಬಿಡಿಸಿಕೊಂಡವರು, ಮಂಗಳೂರಿನಲ್ಲಿ ಇದನ್ನು ಬಲ್ಲ ವಕೀಲರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.