ಕಾಕಾ, ಈಗಿನ ಸಿನಿಮಾ ಎಲ್ಲಾ ಕೆಟ್ಟಿಲ್ಲ

ಕಾಕಾ, ನಮಸ್ಕಾರ. ಮನೆಯ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದ್ದೆ, ಕೆಲಸದ ಗಡಿಬಿಡಿಯಲ್ಲಿ ಉತ್ತರ ಕೊಡಲು ಆಗಿರಲಿಲ್ಲ. ಈಗ ಊಟ ಮುಗಿಸಿ ಕೂತಿದ್ದೇನೆ, ಹೇಳುವುದು ಜಾಸ್ತಿ ಇದೆ, ಪುರುಸೊತ್ತು ಮಾಡಿಕೊಂಡು ಕೇಳಿ. ಬೆಂಗಳೂರಿನ ತಮ್ಮ ಕೇಳಿದ್ದು ಇಷ್ಟೇ: ಸೂಟಿಗೆ ಎಲ್ಲರೂ ಗದಗಿನ ಮನೆಯಲ್ಲಿ ಸೇರಿದಾಗ ಅಜ್ಜಿಯನ್ನೂ ಕೂರಿಸಿಕೊಂಡು ಟಿವಿಯಲ್ಲಿ ಯಾವ ಸಿನಿಮಾ ಹಾಕೋಣ ಅಂತ. ಅದಕ್ಕೆ ನೀವು, "ಈಗಿನ ಕನ್ನಡ ಸಿನಿಮಾ ಒಂದೂ ಮನಿಮಂದಿ ಕುಂತು ನೋಡೋ ಹಂಗಿಲ್ಲ, ಬರೇ ಹೊಡೆದಾಟ, ಬರೇ ರಕ್ತ" ಅಂತ ಬರೆದಿರಿ. ಅತ್ತೆಯರೆಲ್ಲ ಅದಕ್ಕೆ ಹೆಬ್ಬೆರಳು ಒತ್ತಿದರು. ನಾನು ಅರ್ಧ ಒಪ್ಪುತ್ತೇನೆ, ಇನ್ನರ್ಧ ಒಪ್ಪುವುದಿಲ್ಲ.

ಒಪ್ಪುವ ಅರ್ಧ ಮೊದಲು ಹೇಳಿಬಿಡುತ್ತೇನೆ. 2022ರ ಏಪ್ರಿಲ್‌ನಲ್ಲಿ ಕೆಜಿಎಫ್ ಎರಡನೇ ಭಾಗ ಬಂತಲ್ಲ, ಅದು ನನಗೆ ಇಷ್ಟ ಆಯಿತು. ಆದರೆ ಅದು ಗೆದ್ದ ಮೇಲೆ ಬಂದ ಎಷ್ಟೋ ಸಿನಿಮಾಗಳಲ್ಲಿ ಅದೇ ಮಸಿ ಬಣ್ಣ, ಅದೇ ಗಡ್ಡ, ಅದೇ ಬಂದೂಕು. ಹೀರೋ ಪರದೆಗೆ ಬರುವ ಮೊದಲು ನಾಲ್ಕು ಜನ ನಿಂತು ಅವನನ್ನು ಹೊಗಳಬೇಕು. ಅವನಿಗೆ ಅಣ್ಣತಮ್ಮ ಇಲ್ಲ, ಓಣಿ ಇಲ್ಲ, ಹೊಟ್ಟೆಪಾಡಿಗೆ ಒಂದು ಕೆಲಸ ಇಲ್ಲ. ಸದ್ದು ಎಷ್ಟಿರುತ್ತದೆ ಅಂದರೆ ಪಕ್ಕದಲ್ಲಿ ಕೂತ ಅವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಪುಷ್ಪ 2 ಅಂತೂ ಮೂರು ಗಂಟೆ ಇಪ್ಪತ್ತು ನಿಮಿಷ. ಅಲ್ಲು ಅರ್ಜುನ್ ಮನಸ್ಸಿಟ್ಟು ಮಾಡಿದ್ದಾರೆ, ಆದರೆ ಅಷ್ಟು ಹೊತ್ತು ಕೂರುವಂಥ ಕಥೆ ಅದರಲ್ಲಿ ಇರಲಿಲ್ಲ. ಹೊಡೆದಾಟ ಇದ್ದರೂ ನನಗೆ ಹಿಡಿಸಿದ್ದು ಸುದೀಪ್ ಅವರ ಮ್ಯಾಕ್ಸ್, 2024ರ ಕ್ರಿಸ್‌ಮಸ್‌ಗೆ ಬಂತು. ಒಂದೇ ರಾತ್ರಿಯಲ್ಲಿ ಪೊಲೀಸ್ ಠಾಣೆಯ ಸುತ್ತ ನಡೆಯುವ ಕಥೆ, ಬೆಳಗಾಗುವುದರೊಳಗೆ ಏನಾಗುತ್ತದೋ ಅಂತ ನಾವೂ ಗಡಿಯಾರ ನೋಡುತ್ತಾ ಇರುತ್ತೇವೆ. ಆದರೆ ಅಜ್ಜಿಯ ಮುಂದೆ ಹಾಕುವಂಥದ್ದಲ್ಲ.

ಈಗ ಒಪ್ಪದ ಅರ್ಧಕ್ಕೆ ಬರುತ್ತೇನೆ. ಕಾಕಾ, ನೀವು ಸು ಫ್ರಂ ಸೋ ನೋಡಿಲ್ಲ ಅಂತ ಗೊತ್ತು, ನೋಡಿದ್ದರೆ ಈ ಮೆಸೇಜ್ ಬರೆಯುತ್ತಿರಲಿಲ್ಲ. 2025ರ ಜುಲೈ 25ಕ್ಕೆ ಬಂತು. ರಾಜ್ ಬಿ. ಶೆಟ್ಟಿಯವರು ನಿರ್ಮಾಪಕರು, ಜೆ.ಪಿ. ತುಮಿನಾಡ್ ಅಂತ ಹೊಸ ನಿರ್ದೇಶಕರು, ಮುಖ್ಯ ಪಾತ್ರವನ್ನೂ ಅವರೇ ಮಾಡಿದ್ದಾರೆ. ದೊಡ್ಡ ಸ್ಟಾರ್ ಅಂತ ಯಾರೂ ಇಲ್ಲ. ಕರಾವಳಿಯ ಒಂದು ಊರು, ಅಲ್ಲಿ ಸುತ್ತಾಡುವ ಒಬ್ಬ ಹುಡುಗ. ಮದುವೆಮನೆಯಲ್ಲಿ ಬಚ್ಚಲಮನೆ ಹತ್ತಿರ ಸಿಕ್ಕಿಬೀಳುತ್ತಾನೆ, ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದವರ ಹಾಗೆ ನಟಿಸುತ್ತಾನೆ. ಊರಿನವರು ಅದನ್ನು ನಂಬುತ್ತಾರೆ. ನಂಬಿ ಸುಮ್ಮನಾಗದೆ, ಇದು ಸೋಮೇಶ್ವರದ ಸುಲೋಚನಾ ಅಂತ ತೀರ್ಮಾನವನ್ನೂ ಮಾಡುತ್ತಾರೆ. ಅಲ್ಲಿಂದ ಆ ಹುಡುಗನಿಗೆ ಹೊರಗೆ ಬರಲು ದಾರಿಯೇ ಇಲ್ಲ.

ಅದರಲ್ಲಿ ನನಗೆ ಚಲೋ ಅನಿಸಿದ್ದು ನಗು ಮಾತ್ರ ಅಲ್ಲ. ಒಂದು ಮನೆಗೆ ತೊಂದರೆ ಬಂದರೆ ಊರಿನ ಮಂದಿ ಹೇಗೆ ಬಂದು ತುಂಬಿಕೊಳ್ಳುತ್ತಾರೆ ನೋಡಿ, ಅದನ್ನು ಬಹಳ ಚೆನ್ನಾಗಿ ತೋರಿಸಿದ್ದಾರೆ. ಒಬ್ಬ ಸಲಹೆ ಕೊಡುವವನು, ಒಬ್ಬ ಹೆದರಿಸುವವನು, ಒಬ್ಬ ಮದುವೆಯಾಗದೆ ಉಳಿದ ಊರಿನ ದೊಡ್ಡಣ್ಣ, ಎಲ್ಲರೂ ಮರ್ಯಾದೆ ಕೊಡುವ ರವಿ ಅಣ್ಣ. ಆ ಪಾತ್ರ ಮಾಡಿದ್ದು ಶನೀಲ್ ಗೌತಮ್. ಜಾಸ್ತಿ ಮಾತಾಡುವುದಿಲ್ಲ, ನಿಂತ ನಿಲುವಿನಲ್ಲೇ ಗೊತ್ತಾಗುತ್ತದೆ ಈ ಮನುಷ್ಯನ ಹೆಗಲ ಮೇಲೆ ಊರಿದೆ ಅಂತ. ಇನ್ನೊಬ್ಬ ಬಾವ ಇದ್ದಾನೆ, ಯಾವ ಮನೆಯ ಕಾರ್ಯ ಇದ್ದರೂ ಹಾಜರ್. ಅವನು ಬಂದಾಗಲೆಲ್ಲ ಅವನದೇ ಹಾಡು ಬರುತ್ತದೆ. ನಾನು ಹುಬ್ಬಳ್ಳಿಯಲ್ಲಿ ನೋಡಿದ್ದು, ಆ ಬಾವ ಎರಡನೇ ಸಲ ಕಾಣಿಸಿಕೊಂಡಾಗ ಹಾಡು ಶುರುವಾಗುವ ಮೊದಲೇ ಹಿಂದಿನ ಸಾಲಿನ ಹುಡುಗರು ಹಾಡಲು ಶುರು ಮಾಡಿದ್ದರು. ಅವ್ವ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಾ, "ಇವ ನಮ್ಮ ಕುಂದಗೋಳ ಮಾಮಾನ ಹಂಗ ಅದಾನ ನೋಡವಾ" ಅಂದಳು. ಮಾಮಾ, ನೀವು ಈ ಗ್ರೂಪಿನಲ್ಲಿ ಇದ್ದೀರಿ ಅಂತ ಗೊತ್ತು, ಪ್ರೀತಿಯಿಂದಲೇ ಅಂದಿದ್ದು.

ಕೊನೆಗೆ ಆ ಸುಳ್ಳು ದೆವ್ವದ ಕಥೆ ಒಬ್ಬ ಹೆಣ್ಣುಮಗಳ ಕಷ್ಟದ ಕಡೆ ತಿರುಗುತ್ತದೆ. ಅದು ಹೇಗೆ ಅಂತ ಹೇಳುವುದಿಲ್ಲ, ನೋಡಿ. ಇಷ್ಟು ಹೊತ್ತು ನಗಿಸಿದ ಮಂದಿಯೇ ಆ ಹೆಣ್ಣುಮಗಳ ಜೊತೆ ನಿಂತಾಗ ನನಗೆ ಗಂಟಲು ಕಟ್ಟಿತು. ಒಂದು ಮಾತು ಇದೆ, ರಾಜ್ ಬಿ. ಶೆಟ್ಟಿ ಗುರೂಜಿಯಾಗಿ ಬಂದ ಮೇಲೆ ಸ್ವಲ್ಪ ಹೊತ್ತು ಕಥೆ ಎಳೆದ ಹಾಗೆ ಆಗುತ್ತದೆ, ಒಂದೆರಡು ದೃಶ್ಯ ಕಡಿಮೆ ಮಾಡಬಹುದಿತ್ತು.

ಕಾಂತಾರ ನೀವು ನೋಡಿದ್ದೀರಿ, ಮೊದಲನೆಯದು. ಅದು ಈಗಲೂ ನನ್ನ ಮನಸ್ಸಿನಲ್ಲಿ ಮೇಲೆಯೇ ಇದೆ. ರಿಷಬ್ ಶೆಟ್ಟಿಯವರಿಗೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು, ಕೊನೆಯ ಭಾಗ ನೋಡಿದವರು ಯಾರೂ ಬೇಡ ಅನ್ನುವುದಿಲ್ಲ. ರಾಜ ಬಿಟ್ಟುಕೊಟ್ಟ ಜಮೀನು, ಅದನ್ನು ವಾಪಸ್ ಕೇಳುವ ವಂಶದವರು, ನಡುವೆ ಅರಣ್ಯ ಇಲಾಖೆ, ಇದು ನಮ್ಮ ರೈತರಿಗೂ ತಕ್ಷಣ ಅರ್ಥ ಆಗುವ ವಿಷಯ. ಆದರೆ ಅದರಲ್ಲಿ ಶಿವ ಲೀಲಾಳ ಸೊಂಟ ಚಿವುಟುವುದನ್ನು ಪ್ರೀತಿ ಅಂತ ತೋರಿಸಿದ್ದು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಇಲ್ಲ. ಮನೆಯಲ್ಲಿ ಬೆಳೆಯುವ ಗಂಡುಮಕ್ಕಳು ನೋಡುತ್ತಿರುತ್ತಾರೆ.

ಕಾಂತಾರ ಚಾಪ್ಟರ್ 1, 2025ರ ಅಕ್ಟೋಬರ್ 2ಕ್ಕೆ ಬಂತಲ್ಲ, ಅದರ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. ಮಗನಿಗೆ ಮೊದಲನೆಯದಕ್ಕಿಂತ ಇದೇ ಇಷ್ಟ. ಪೇಟೆಯ ನಡುವೆ ರಥ ಓಡುವ ದೃಶ್ಯ ಇದೆ, ಅದು ನಿಜಕ್ಕೂ ದೊಡ್ಡ ಪರದೆಯ ಮೇಲೆ ನೋಡಬೇಕಾದದ್ದು, ಕನ್ನಡದವರು ಇಷ್ಟು ಮಾಡಿದರಲ್ಲ ಅಂತ ಹೆಮ್ಮೆ ಆಯಿತು. ರುಕ್ಮಿಣಿ ವಸಂತ್ ಅವರ ರಾಜಕುಮಾರಿ ಪಾತ್ರವಂತೂ ಬಹಳ ಚೆನ್ನಾಗಿದೆ, ಬರೀ ಹಾಡಿಗೆ ಬಂದು ಹೋಗುವ ನಾಯಕಿ ಅಲ್ಲ. ಆದರೂ ನನಗೆ ಮೊದಲನೆಯ ಕಾಂತಾರವೇ ಹತ್ತಿರ. ಅದರಲ್ಲಿ ಕಂಬಳ ಇತ್ತು, ಮೀನಿನ ಊಟ ಇತ್ತು, ಬೈದಾಡುವ ತಾಯಿ ಇದ್ದಳು, ಅರಮನೆಗಿಂತ ಆ ಮನೆಯ ಅಂಗಳ ನನಗೆ ಜಾಸ್ತಿ ನೆನಪಿದೆ. ಚಾಪ್ಟರ್ 1 ಕದಂಬರ ಕಾಲದ ಕಥೆ. ಕದಂಬ ಅಂದರೆ ಬನವಾಸಿ, ಹಾವೇರಿಯಿಂದ ಎಷ್ಟು ದೂರ ಹೇಳಿ. ಹಾನಗಲ್ಲಿನಲ್ಲೂ ಕದಂಬರ ಒಂದು ಶಾಖೆ ಆಳಿತ್ತು, ಅಲ್ಲಿನ ತಾರಕೇಶ್ವರ ಗುಡಿಯ ಛಾವಣಿಯಲ್ಲಿ ಕೆತ್ತಿದ ಕಮಲ ನೋಡಿ ನಾವೆಲ್ಲ ಕತ್ತು ನೋಯಿಸಿಕೊಂಡಿದ್ದೇವೆ.

ಇಲ್ಲಿಂದ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಕರಾವಳಿಯವರು ತಮ್ಮ ಊರು, ತಮ್ಮ ಮಾತು, ತಮ್ಮ ದೈವ, ತಮ್ಮ ಬಾವನನ್ನು ಪರದೆಗೆ ತಂದರು. ಇಡೀ ರಾಜ್ಯ ಹೋಗಿ ನೋಡಿತು, ಒಂದೊಂದು ಮಾತು ತಿಳಿಯದಿದ್ದರೂ ನೋಡಿತು. ನಮ್ಮ ಧಾರವಾಡ, ಗದಗ, ಹಾವೇರಿಯ ಮಾತು ಸಿನಿಮಾದಲ್ಲಿ ಯಾರ ಬಾಯಲ್ಲಿ ಇರುತ್ತದೆ? ಹೆಚ್ಚಿನ ಸಲ ವಾಚ್‌ಮನ್, ಇಲ್ಲಾ ಕುಡುಕ, ಇಲ್ಲಾ ಹೀರೋನ ಹಿಂದೆ ನಿಂತು ನಗಿಸುವವನು. ಆ ಪಾತ್ರದವನು "ಏನ್ರೀ ಯಪ್ಪಾ" ಅಂದ ಕೂಡಲೇ ಜನ ನಗಬೇಕು ಅಂತ ಲೆಕ್ಕ. ನಾವು ಇದೇ ಮಾತಿನಲ್ಲಿ ಅಳುತ್ತೇವೆ, ಜಗಳ ಆಡುತ್ತೇವೆ, ಹೆಣ್ಣು ಕೇಳುತ್ತೇವೆ. ಅದೆಲ್ಲ ಯಾಕೆ ಬರುವುದಿಲ್ಲ ಅಂತ ನನಗೆ ಬಹಳ ಬೇಜಾರು.

ಆಗುವುದಿಲ್ಲ ಅಂತಲ್ಲ. 1990ರಲ್ಲಿ ಶರೀಫಜ್ಜರ ಸಿನಿಮಾ ಬಂತು, 1997ರಲ್ಲಿ ನಾಗಮಂಡಲ ಬಂತು, ಎರಡನ್ನೂ ಮಾಡಿದ್ದು ಟಿ.ಎಸ್. ನಾಗಾಭರಣ. ನಾಗಮಂಡಲದಲ್ಲಿ ನಾಯಕಿ ನಮ್ಮ ಮಾತಿನಲ್ಲೇ ದುಃಖ ಹೇಳಿಕೊಂಡಾಗ ಯಾರಾದರೂ ನಕ್ಕರಾ? ಕಥೆ ಕಾರ್ನಾಡರದು, ಅವರು ಧಾರವಾಡದಲ್ಲೇ ಬೆಳೆದವರು, ಅದಕ್ಕೇ ಅದು ಹಾಗೆ ಬಂತು. ಇತ್ತೀಚೆಗೆ 2024ರ ಮಾರ್ಚ್‌ನಲ್ಲಿ ಯೋಗರಾಜ ಭಟ್ಟರ ಕರಟಕ ದಮನಕ ಬಂತು. ಭಟ್ಟರು ಹಾನಗಲ್ ತಾಲೂಕಿನ ತಿಳವಳ್ಳಿ ಕಡೆಯವರು, ಶಿವಣ್ಣ, ಪ್ರಭುದೇವ ಇದ್ದಾರೆ, ನಮ್ಮ ಕಡೆಯ ನೀರಿಲ್ಲದ ಊರಿನ ಕಥೆ ಅಂದಾಗ ಆಸೆಯಿಂದ ಹೋಗಿದ್ದೆ. ಅದರ ಒಂದು ಹಾಡು ಇಲ್ಲಿ ಪ್ರತಿ ಮದುವೆಯಲ್ಲೂ ಕೇಳಿಸಿತು. ಆದರೆ ನೀರಿನ ಕಥೆ ಹಾಡು, ಕುಣಿತದ ನಡುವೆ ಹಿಂದೆ ಸರಿಯಿತು. ಆ ಊರಿನ ಮಂದಿಯ ಜೊತೆ ಇನ್ನೂ ಸ್ವಲ್ಪ ಹೊತ್ತು ಕೂರಬೇಕಿತ್ತು ಅನಿಸಿತು.

ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬ್ಯಾಡಗಿ ಮಾರುಕಟ್ಟೆಯನ್ನೇ ನೋಡಿ. ಸೀಸನ್ನಿನಲ್ಲಿ ಬೆಳಿಗ್ಗೆ ಒಳಗೆ ಕಾಲಿಟ್ಟರೆ ಕಣ್ಣು ಹೋದಷ್ಟು ದೂರ ಕೆಂಪು ಮೆಣಸಿನಕಾಯಿ ಚೀಲ, ಮುಖಕ್ಕೆ ಟವೆಲ್ ಕಟ್ಟಿಕೊಂಡ ಹಮಾಲರು, ಸೀನುತ್ತಾ ಸೀನುತ್ತಾ ದರ ಕೂಗುವವರು, ತೊಟ್ಟು ಬಿಡಿಸಲು ಕೂತ ಹೆಣ್ಣುಮಕ್ಕಳು. ಕೂಲಿ ಮುಗಿಸಿ ಮನೆಗೆ ಹೋದ ಮೇಲೂ ಅವರ ಬೆರಳು ಉರಿಯುತ್ತಲೇ ಇರುತ್ತದೆ, ಆ ಕೈಯಲ್ಲಿ ಕೂಸನ್ನು ಮುಟ್ಟಲು ಹೆದರುತ್ತಾರೆ. ಇದಕ್ಕೆ ಯಾವ ಸೆಟ್ಟೂ ಬೇಡ. 2024ರ ಮಾರ್ಚ್‌ನಲ್ಲಿ ದರ ಬಿದ್ದಾಗ ಅಲ್ಲಿ ರೈತರು ಸಿಟ್ಟಿಗೆದ್ದು ಗಾಡಿಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಆ ದಿನ ಮೆಣಸಿನಕಾಯಿ ತಂದಿದ್ದ ಒಬ್ಬ ರೈತನ ಕಥೆ ಯಾರಾದರೂ ಮಾಡಲಿ, ನಾನು ಮೊದಲನೇ ಆಟಕ್ಕೇ ಹೋಗುತ್ತೇನೆ. ನಟರು ಇಲ್ಲ ಅನ್ನುವ ಹಾಗೂ ಇಲ್ಲ, ಗರೂಡ ಸದಾಶಿವರಾಯರ ನಾಟಕ ಕಂಪನಿ ನಡೆದದ್ದು ನಿಮ್ಮ ಗದಗಿನಲ್ಲೇ ಅಲ್ವಾ?

ಟಿಕೆಟ್ ದರ ಬಹಳ ಜಾಸ್ತಿ ಆಯಿತು ಅಂತ ಅತ್ತೆ ಹೇಳಿದ್ದು ಪೂರ್ತಿ ನಿಜ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಆದೇಶ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮನೆಮಂದಿ ಎಲ್ಲ ಮಾಲ್‌ಗೆ ಹೋದರೆ ಟಿಕೆಟ್ಟು, ಪಾಪ್‌ಕಾರ್ನ್ ಸೇರಿ ವಾರದ ಸಂತೆಯ ದುಡ್ಡು ಹೋಗುತ್ತದೆ. ಒಂದೇ ಪರದೆಯ ಟಾಕೀಸ್ ಉಳಿದಿರುವ ಕಡೆ ಅಲ್ಲೇ ಹೋಗಿ ನೋಡಿ, ನಾನು ಹಾಗೇ ಮಾಡುತ್ತೇನೆ.

ಈಗ ತಮ್ಮನ ಪ್ರಶ್ನೆಗೆ ಉತ್ತರ. ಮೊದಲ ರಾತ್ರಿ ಸು ಫ್ರಂ ಸೋ, ಜಿಯೋ ಹಾಟ್‌ಸ್ಟಾರ್‌ನಲ್ಲಿ ಬಂದಿದೆ. ಅಜ್ಜಿಗೆ ಮಾತು ತಿಳಿಯದಿದ್ದರೆ ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ. ಮಕ್ಕಳಿಗೆ ಮಹಾವತಾರ ನರಸಿಂಹ, ಅದೂ ಅದೇ ಜುಲೈ 25ಕ್ಕೆ ಬಂದದ್ದು. ಕಾರ್ಟೂನ್ ಅಂತ ದೊಡ್ಡವರು ಎದ್ದು ಹೋಗಬೇಡಿ, ಪ್ರಹ್ಲಾದನ ಕಥೆ ಅಜ್ಜಿಗೆ ಬಾಯಿಪಾಠ. ಕೊನೆಯ ಯುದ್ಧದಲ್ಲಿ ಸಣ್ಣವರನ್ನು ಸ್ವಲ್ಪ ಹತ್ತಿರ ಕೂರಿಸಿಕೊಂಡರೆ ಸಾಕು. ಟೈಮ್ ಉಳಿದರೆ 777 ಚಾರ್ಲಿ. 2022ರಲ್ಲಿ ಅದನ್ನು ನೋಡಿ ಆಗ ಮುಖ್ಯಮಂತ್ರಿಯಾಗಿದ್ದ ಶಿಗ್ಗಾವಿಯ ಬೊಮ್ಮಾಯಿಯವರು ಕ್ಯಾಮೆರಾ ಮುಂದೆಯೇ ಕಣ್ಣೀರು ಹಾಕಿದ್ದರು, ಅವರ ಮನೆಯ ನಾಯಿ ಹಿಂದಿನ ವರ್ಷ ಸತ್ತಿತ್ತು. ನಾಯಿ ಸಾಕಿದವರು ಟವೆಲ್ ಇಟ್ಟುಕೊಂಡೇ ಕೂರಿ.

ಕಾಕಾ, ನಿಮ್ಮ ಹತ್ತಿರ ಒಂದು ಕೇಳುವುದಿದೆ. 1980ರ ನರಗುಂದ-ನವಲಗುಂದದ ರೈತ ಬಂಡಾಯ, ಮಲಪ್ರಭಾ ಕಾಲುವೆಯ ಕರ ಕಟ್ಟುವುದಿಲ್ಲ ಅಂತ ರೈತರು ಎದ್ದದ್ದು, ಆಗ ನೀವು ನರಗುಂದದಲ್ಲೇ ಓದುತ್ತಿದ್ದಿರಿ ಅಂತ ಅಪ್ಪ ಹೇಳುತ್ತಿದ್ದರು. ನಾನು ಬಂದಾಗ ಒಂದು ಸಂಜೆ ಅದನ್ನು ಪೂರ್ತಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಯಾವ ಓಣಿಯಲ್ಲಿ ಇದ್ದಿರಿ, ಆ ದಿನ ಅಂಗಡಿ ತೆಗೆದಿದ್ದವಾ, ನಿಮ್ಮ ಜೊತೆ ಯಾರಿದ್ದರು, ಎಲ್ಲಾ ಬೇಕು ನನಗೆ.