.22 ಬ್ಯಾರೆಲ್‌ನಲ್ಲಿ ಬೋರ್‌ಸ್ಕೋಪ್: ಚಿತ್ರ ಮಸುಕು, ಚೇಂಬರ್ ಮುಂದೆ ಕಪ್ಪು ಉಂಗುರ

ಗುರಿಕಾರ_ಜಯನಗರ

ರೈಫಲ್: .22 ಎಲ್‌ಆರ್ ಬೋಲ್ಟ್ ಆಕ್ಷನ್, 50 ಮೀಟರ್ ಪ್ರೋನ್‌ಗೆ (ಮಲಗಿ ಹೊಡೆಯೋದು) ಬಳಕೆ, ಬ್ಯಾರೆಲ್ 26 ಇಂಚು. ಬೋರ್‌ಸ್ಕೋಪ್ (ಬ್ಯಾರೆಲ್ ಒಳಗೆ ನೋಡುವ ಕ್ಯಾಮೆರಾ): 5 ಮಿ.ಮೀ. ದಪ್ಪದ ಗಟ್ಟಿ ಕಡ್ಡಿಯ ಯುಎಸ್‌ಬಿ ಪ್ರೋಬ್, ತುದಿಗೆ 90 ಡಿಗ್ರಿ ಕನ್ನಡಿ. ತೊಂದರೆಗಳು ಹೀಗಿವೆ:

ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಬರುತ್ತೆ. ಆಂಡ್ರಾಯ್ಡ್ ಫೋನಿನಲ್ಲಿ ಒಮ್ಮೆ ಬರುತ್ತೆ, ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತೆ. ಚಿತ್ರ ಬಂದರೂ ಮಸುಕು, ಒಂದು ಪಕ್ಕ ಪೂರ್ತಿ ಬಿಳಿ. ಚೇಂಬರ್ (ಕಾರ್ಟ್ರಿಜ್ ಕೂರುವ ಭಾಗ) ಮುಗಿಯುವ ಜಾಗದಲ್ಲಿ ಕಪ್ಪು ಉಂಗುರ ಇದೆ, ಕೆಳಗಡೆ ಹೆಚ್ಚು ದಪ್ಪ. ಮಳೆಗಾಲವೆಲ್ಲ ರೈಫಲ್ ಕೇಸ್ ಒಳಗೇ ಇತ್ತು. ಅದು ತುಕ್ಕೋ, ಕಾರ್ಬನ್ನೋ? ಗುರಿಯ ಮೇಲೆ ಗುಂಡು ಬೀಳುವ ಗುಂಪು ಮೊದಲಿಗಿಂತ ಹರಡಿದೆ. ಇನ್ನೊಂದು: ಎಸ್‌ಪಿ ರೋಡ್‌ನಲ್ಲಿ ಸಿಗುವ 5.5 ಮಿ.ಮೀ. ಬಳ್ಳಿ ಕ್ಯಾಮೆರಾ (ಬಾಗುವ ತಂತಿಯದು) ಈ ಬ್ಯಾರೆಲ್‌ಗೆ ಇಳಿಯಲೇ ಇಲ್ಲ. .22 ಅಂದರೆ 5.6 ಮಿ.ಮೀ. ಅಲ್ವಾ?

ಲ್ಯಾಂಡ್‌ಗ್ರೂವ್

ಕೊನೆಯ ಪ್ರಶ್ನೆ ಮೊದಲು. ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳೇ ರೈಫ್ಲಿಂಗ್; ಅದರ ತಗ್ಗು ಗ್ರೂವ್, ಉಬ್ಬು ಲ್ಯಾಂಡ್. 5.6 ಇರೋದು ಗ್ರೂವ್‌ನಿಂದ ಗ್ರೂವ್‌ಗೆ. ಲ್ಯಾಂಡ್‌ನಿಂದ ಲ್ಯಾಂಡ್‌ಗೆ ಅಳೆದರೆ ಸುಮಾರು 5.5 ಮಿ.ಮೀ. ಅಷ್ಟೆ. 5.5 ಎಂದು ಮಾರುವ ಕ್ಯಾಮೆರಾದ ತಲೆ ಅಲ್ಲೇ ಕಚ್ಚಿಕೊಳ್ಳುತ್ತೆ. ಬಲವಂತ ಮಾಡದೆ ಬಿಟ್ಟಿದ್ದು ಒಳ್ಳೇದಾಯ್ತು. ಸ್ವಲ್ಪ ಸಣ್ಣ ತಲೆ ಸಿಕ್ಕಿ ಇಳಿದಿದ್ದರೂ ಪ್ರಯೋಜನ ಕಡಿಮೆ. ಆ ಕ್ಯಾಮೆರಾಗಳ ಫೋಕಸ್ ಹಲವು ಸೆಂಟಿಮೀಟರ್ ದೂರಕ್ಕೆ ಕೂತಿರುತ್ತೆ, ಬ್ಯಾರೆಲ್‌ನಲ್ಲಿ ನೋಡಬೇಕಾದ ಗೋಡೆ ಎರಡು ಮೂರು ಮಿ.ಮೀ. ದೂರದಲ್ಲಿರುತ್ತೆ. ಜೊತೆಗೆ ಕೊಡುವ ಕ್ಲಿಪ್ ಕನ್ನಡಿ ಹಾಕಿದರೆ ತಲೆ ಇನ್ನೂ ದಪ್ಪ. ಚರಂಡಿ ಪೈಪು, ಬೈಕಿನ ಸಿಲಿಂಡರ್ ನೋಡೋಕೆ ಅವು ಸರಿ, ರೈಫಲ್‌ಗೆ ಅಲ್ಲ.

ಕೊಳ್ಳೋರು ಗಮನಿಸಬೇಕಾದ್ದು ಉದ್ದ. 26 ಇಂಚಿನ ಬ್ಯಾರೆಲ್‌ಗೆ 26 ಇಂಚಿನ ಕಡ್ಡಿ ಸಾಕು ಅನ್ನಿಸುತ್ತೆ, ಆದರೆ ಬ್ರೀಚ್ (ಬ್ಯಾರೆಲ್‌ನ ಹಿಂತುದಿ) ಕಡೆಯಿಂದ ಹಾಕುವಾಗ ರಿಸೀವರ್‌ನ (ಬೋಲ್ಟ್ ಓಡಾಡುವ ಭಾಗ) ಉದ್ದವೇ ಏಳೆಂಟು ಇಂಚು ತಿನ್ನುತ್ತೆ. ಕ್ರೌನ್ (ಬ್ಯಾರೆಲ್‌ನ ಮುಂತುದಿ) ತನಕ ಹಿಂದಿನಿಂದಲೇ ನೋಡಬೇಕು ಅಂದರೆ 36 ಇಂಚು ಅಥವಾ ಹೆಚ್ಚು ತಗೊಳ್ಳಿ. ಟೆಸ್ಲಾಂಗ್‌ನ ಗಟ್ಟಿ ಪ್ರೋಬ್‌ಗಳು .20 ಕ್ಯಾಲಿಬರ್‌ನಿಂದ ಮೇಲಕ್ಕೆ ಹೊಂದುತ್ತವೆ. ಹಾಕ್‌ಐ ತರಹದ ಲೆನ್ಸ್ ಕಡ್ಡಿಯ ಸ್ಕೋಪ್‌ಗಳ ಬೆಲೆ ಹಲವು ಪಟ್ಟು. ಕ್ಲಬ್ಬಿಗೊಂದು ಇದ್ದರೆ ಸಾಕು, ಮನೆಗೆ ಬೇಕಿಲ್ಲ. .177 ಏರ್ ರೈಫಲ್ ಇರುವವರು 5 ಮಿ.ಮೀ. ಪ್ರೋಬ್ ತರಿಸಲೇಬೇಡಿ. ಅದರ ಬೋರ್ (ಬ್ಯಾರೆಲ್‌ನ ಒಳತೂತು) 4.5 ಮಿ.ಮೀ., 4 ಮಿ.ಮೀ.ಗಿಂತ ಸಣ್ಣ ಕ್ಯಾಮೆರಾ ಬೇಕು.

ಯುಎಸ್‌ಬಿ_ಮಲ್ಲೇಶ್ವರಂ

ಫೋನ್ ವಿಷಯ. ಕೆಲವು ಕಂಪನಿಗಳ ಫೋನಿನಲ್ಲಿ ಒಟಿಜಿ (ಹೊರಗಿನ ಯುಎಸ್‌ಬಿ ಸಾಧನ ಜೋಡಿಸುವ) ಸ್ವಿಚ್ ಸೆಟ್ಟಿಂಗ್ಸ್ ಒಳಗೆ ಬೇರೆ ಇರುತ್ತೆ, 10 ನಿಮಿಷ ಬಳಕೆ ಇಲ್ಲದಿದ್ದರೆ ತಾನೇ ಆಫ್ ಆಗುತ್ತೆ. ಮೊದಲು ಅದನ್ನು ನೋಡಿ. ಆಮೇಲೆ ಆ್ಯಪ್‌ಗೆ ಕ್ಯಾಮೆರಾ ಅನುಮತಿ ಕೊಟ್ಟಿದ್ದೀರಾ ಪರೀಕ್ಷಿಸಿ. ಹೊರಗಿನ ಯುಎಸ್‌ಬಿ ಕ್ಯಾಮೆರಾ ಆದರೂ ಹೊಸ ಆಂಡ್ರಾಯ್ಡ್‌ಗಳು ಅದನ್ನು ಕೇಳುತ್ತವೆ, ಕೊಡದಿದ್ದರೆ ಪರದೆ ಕಪ್ಪು. ಮೂರನೇದು ಅಡಾಪ್ಟರ್: ಚಾರ್ಜ್‌ಗೆ ಮಾತ್ರ ಇರುವ ಟೈಪ್-ಸಿ ಅಡಾಪ್ಟರ್ ನಡೆಯಲ್ಲ, ಡೇಟಾ ತಂತಿ ಇರುವುದೇ ಬೇಕು.

ಐಫೋನ್‌ಗೆ ಇಂಥ ಯುಎಸ್‌ಬಿ ಪ್ರೋಬ್ ಸಾಮಾನ್ಯವಾಗಿ ನೇರವಾಗಿ ಕೂರಲ್ಲ. ಅವರು ವೈಫೈ ಮಾದರಿ ಅಥವಾ ತನ್ನದೇ ಪರದೆ ಇರುವುದನ್ನು ತಗೊಳ್ಳಬೇಕು. ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇದೆಯಲ್ಲ, ಅದರಲ್ಲೇ ನೋಡಿ. ದೊಡ್ಡ ಪರದೆ, ಫೈಲ್ ಉಳಿಸೋದೂ ಸಲೀಸು.

ಬೋರ್‌ಗೈಡ್

ಈಗ ಮಸುಕು. ಮುಟ್ಟುವ ಮೊದಲು: ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿ, ಬೋಲ್ಟ್ ಹೊರಗೆ ತೆಗೆದಿಡಿ.

ಕನ್ನಡಿಯ ಕೊಳವೆ ಪ್ರೋಬ್ ತುದಿಗೆ ಥ್ರೆಡ್‌ನಲ್ಲಿ ಕೂತಿರುತ್ತೆ. ಅದನ್ನು ಒಳಗೆ ಹೊರಗೆ ತಿರುಗಿಸಿದರೆ ಲೆನ್ಸ್‌ಗೂ ಕನ್ನಡಿಗೂ ಇರುವ ಅಂತರ ಬದಲಾಗುತ್ತೆ, ಅದೇ ಫೋಕಸ್. ಬ್ಯಾರೆಲ್ ಒಳಗೆ ಹಾಕಿ ಊಹಿಸಬೇಡಿ. ಹಾರಿಸಿ ಖಾಲಿಯಾದ .22 ಕೇಸ್‌ನ (ಕಾರ್ಟ್ರಿಜ್‌ನ ಲೋಹದ ಕವಚ) ತಳ ಕತ್ತರಿಸಿ, ಆ ಕೊಳವೆಯೊಳಗೆ ಪ್ರೋಬ್ ತುದಿ ಇಟ್ಟು ಒಳಗೋಡೆಯ ಗೀರು ಚೂಪಾಗಿ ಕಾಣುವ ತನಕ ಕಾಲು ಸುತ್ತು, ಕಾಲು ಸುತ್ತಾಗಿ ತಿರುಗಿಸಿ. ಸರಿಯಾದಾಗ ಲಾಕ್ ನಟ್ ಅಥವಾ ಓ-ರಿಂಗ್ ಒತ್ತಿ ನಿಲ್ಲಿಸಿ. ಓ-ರಿಂಗ್ ಸಡಿಲವಾಗಿದ್ದರೆ ಕನ್ನಡಿ ಅಲ್ಲಾಡುತ್ತಲೇ ಇರುತ್ತೆ. ಜೆಸಿ ರೋಡ್‌ನ ಬಿಡಿಭಾಗದ ಅಂಗಡಿಗೆ ಹಳೇದನ್ನು ಒಯ್ದು ಅದೇ ಅಳತೆಯದು ತನ್ನಿ.

ಒಂದು ಪಕ್ಕ ಬಿಳಿ ಆಗೋದು ಎಲ್‌ಇಡಿ ಬೆಳಕು ಎಣ್ಣೆಯ ಪೊರೆಯಿಂದ ಚಿಮ್ಮೋದರಿಂದ. ಒದ್ದೆ ಬೋರ್‌ನಲ್ಲಿ ಯಾವ ಸ್ಕೋಪ್ ಹಾಕಿದರೂ ಇದೇ ಗತಿ. ಒಣ ಪ್ಯಾಚ್ (ಕಡ್ಡಿಗೆ ಸಿಕ್ಕಿಸುವ ಬಟ್ಟೆ ತುಂಡು) ಮೂರು ನಾಲ್ಕು ಎಳೆದು, ಬೆಳಕನ್ನು ಮೂರರಲ್ಲೊಂದು ಭಾಗಕ್ಕೆ ಇಳಿಸಿ. ಕನ್ನಡಿಗೆ ಸಾಲ್ವೆಂಟ್ ತಾಗಿದ್ದರೆ ಇಯರ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಅಸಿಟೋನ್ ಬೇಡ, ಕನ್ನಡಿಯ ಅಂಟು ಬಿಡುತ್ತೆ.

ಪ್ರೋಬನ್ನು ಹಿಡಿಯ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿಗೇ ತಿರುಗಿಸಿ. ಹಾಗೆ ತಿರುಗಿಸಿದರೆ ಗೋಡೆಯ ಉಜ್ಜಾಟ ಕನ್ನಡಿಯನ್ನು ಬಿಗಿ ಮಾಡುತ್ತೆ, ಎದುರು ದಿಕ್ಕಿಗೆ ಹೋದರೆ ಬಿಚ್ಚುತ್ತೆ. ಹೊರಗೆ ತೆಗೆದ ಪ್ರತಿ ಸಲ ತುದಿಯಲ್ಲಿ ಕನ್ನಡಿ ಇದೆಯೇ ನೋಡಿ. ಇಲ್ಲ ಅಂದರೆ ಅದು ಬ್ಯಾರೆಲ್ ಒಳಗಿದೆ. ಬ್ಯಾರೆಲನ್ನು ಬ್ರೀಚ್ ಕಡೆಗೆ ತಗ್ಗಿಸಿ ಮೆಲ್ಲಗೆ ತಟ್ಟಿ, ಬೀಳದಿದ್ದರೆ ಆರ್ಮರರ್ (ಬಂದೂಕು ರಿಪೇರಿಯವರು) ಹತ್ತಿರ ಒಯ್ಯಿರಿ. ಬೋರ್ ಆರಪಾರ ಕಾಣುವ ತನಕ ಆ ರೈಫಲ್‌ಗೆ ಕಾರ್ಟ್ರಿಜ್ ಹತ್ತಿರಕ್ಕೂ ತರಬಾರದು.

ಲ್ಯಾಂಡ್‌ಗ್ರೂವ್

ಉಂಗುರದ ಬಗ್ಗೆ. ಬ್ರೀಚ್‌ನಿಂದ ಎಷ್ಟು ದೂರ ಇದೆ ಎಂದು ಅಳೆದರೆ ಅರ್ಧ ಉತ್ತರ ಸಿಗುತ್ತೆ. .22 ಎಲ್‌ಆರ್ ಕೇಸ್ ಉದ್ದ ಸುಮಾರು 15.6 ಮಿ.ಮೀ. ಕೇಸ್‌ನ ಬಾಯಿ ನಿಲ್ಲುವ ಜಾಗದಲ್ಲೇ, ಅದರಿಂದ ಒಂದೆರಡು ಮಿ.ಮೀ. ಮುಂದೆಯೇ ಉಂಗುರ ಇದ್ದರೆ ಕಾರ್ಬನ್. ಕಡ್ಡಿಗೆ ಟೇಪ್ ಸುತ್ತಿ ಗುರುತು ಮಾಡಿ, ಆದರೆ ಅಳತೆ ಕನ್ನಡಿಯ ನಡುವಿನಿಂದ ಇರಲಿ, ತುದಿಯಿಂದ ಅಲ್ಲ. ತುದಿಯಿಂದ ಅಳೆದರೆ ನಾಲ್ಕೈದು ಮಿ.ಮೀ. ತಪ್ಪುತ್ತೆ, ಇಲ್ಲಿ ಅಷ್ಟೇ ಸಾಕು ತೀರ್ಮಾನ ತಲೆಕೆಳಗಾಗೋಕೆ.

ರಿಮ್‌ಫೈರ್ ಪ್ರೈಮಿಂಗ್‌ನಲ್ಲಿ (.22 ಕೇಸ್‌ನ ಅಂಚಿನೊಳಗೆ ಇರುವ, ಮದ್ದು ಹೊತ್ತಿಸುವ ಮಿಶ್ರಣ) ಹೆಚ್ಚಾಗಿ ಗಾಜಿನ ಪುಡಿ ಇರುತ್ತೆ. ಅದು ಸುಟ್ಟ ಮದ್ದು, ಗುಂಡಿನ ಮೇಣ, ಸೀಸದ ಜೊತೆ ಸೇರಿ ಬಿಸಿಗೆ ಗಟ್ಟಿಯಾಗುತ್ತೆ. ಅದಕ್ಕೇ ಬೋರ್ ಮೇಲೆ ಎರಡು ಪ್ಯಾಚ್ ಎಳೆದರೆ ಇದು ಹೋಗಲ್ಲ. ಮ್ಯಾಚ್ ಚೇಂಬರ್‌ನಲ್ಲಿ ಗುಂಡು ರೈಫ್ಲಿಂಗ್‌ಗೆ ತಾಗಿಯೇ ಕೂರುತ್ತೆ. ಅಲ್ಲಿ ಒಂದು ಪಕ್ಕ ದಪ್ಪ ಗಟ್ಟಿ ಪದರ ಇದ್ದರೆ ಗುಂಡು ಓರೆಯಾಗಿ ಹೊರಡುತ್ತೆ. ಗುಂಪು ಹರಡಿದ್ದಕ್ಕೆ ಇದೇ ಕಾರಣ ಆಗಿರಬಹುದು.

ತುಕ್ಕು ಹೀಗಿರಲ್ಲ. ಅದು ಕಂದು, ಅಂಚು ಹರಿದ ಗುಳಿಗಳು, ಎಲ್ಲೆಂದರಲ್ಲಿ ಇರುತ್ತೆ, ಒಣ ಪ್ಯಾಚ್‌ಗೆ ಕಂದು ಬಣ್ಣ ಹತ್ತುತ್ತೆ.

ತೆಗೆಯುವ ಕ್ರಮ: ಬೋರ್ ಗೈಡ್ (ಕಡ್ಡಿ ನೇರ ಹೋಗಲು ಹಿಂದಿನಿಂದ ಹಾಕುವ ಕೊಳವೆ) ಹಾಕಿ, ಕಾರ್ಬನ್‌ಗೆಂದೇ ಇರುವ ಸಾಲ್ವೆಂಟ್‌ನ ಒದ್ದೆ ಪ್ಯಾಚನ್ನು ಉಂಗುರದ ಮೇಲೆ ನಿಲ್ಲಿಸಿ 10–15 ನಿಮಿಷ ಬಿಡಿ. ಆಮೇಲೆ ಕಂಚಿನ ಬ್ರಶ್, ಗಿಡ್ಡ ಕಡ್ಡಿಯಲ್ಲಿ, ಕೈಯಿಂದ ಹತ್ತು ಸುತ್ತು. ಡ್ರಿಲ್ ಬೇಡವೇ ಬೇಡ. ಒಣಗಿಸಿ, ಅದೇ ಟೇಪ್ ಗುರುತಿಗೆ ಪ್ರೋಬ್ ಹಾಕಿ ನೋಡಿ, ಉಳಿದಿದ್ದರೆ ಮತ್ತೆ ಅದೇ ಕ್ರಮ. ಉಜ್ಜುವ ಪೇಸ್ಟ್ ಕೊನೆಯ ದಾರಿ, ಅದೂ ಆ ಜಾಗಕ್ಕೆ ಮಾತ್ರ. ತಾಮ್ರ ಕರಗಿಸುವ ಅಮೋನಿಯ ಸಾಲ್ವೆಂಟ್ ತರಬೇಡಿ. ಮ್ಯಾಚ್ ಗುಂಡು ಬರೀ ಸೀಸ, ಅಲ್ಲಿ ತಾಮ್ರವೇ ಇಲ್ಲ.

ಗುರಿಕಾರ_ಜಯನಗರ

ಅಳತೆ 16 ಮಿ.ಮೀ. ಬಂತು, ಮೂರು ಸುತ್ತಿಗೆ ಉಂಗುರ ಹೋಯ್ತು. ಫೋಕಸ್ ಕೂಡ ಸರಿಯಾಯ್ತು. ಈಗ ಎರಡು ಹೊಸ ವಿಷಯ ಕಾಣ್ತಿದೆ: ಚೇಂಬರ್‌ನಿಂದ ಮುಂದೆ ಗಂಟೆ 6ರ ಜಾಗದಲ್ಲಿ (ಅಂದರೆ ತಳದಲ್ಲಿ) ಎರಡು ಮೂರು ಸಣ್ಣ ಕಂದು ಗುಳಿ, ಮತ್ತು ಇಡೀ ಬೋರ್‌ನಲ್ಲಿ ಅಡ್ಡಡ್ಡ ಗೀರುಗಳು. ರೈಫ್ಲಿಂಗ್ ಎಡಕ್ಕೆ ತಿರುಗಿದ ಹಾಗೂ ಕಾಣುತ್ತೆ, ಆದರೆ ಇದು ಬಲಗಡೆ ತಿರುವಿನ ಬ್ಯಾರೆಲ್. ಬ್ಯಾರೆಲ್ ಬದಲಿಸಬೇಕಾ?

ಬೋರ್‌ಗೈಡ್

ಕನ್ನಡಿ ಎಡ ಬಲ ಅದಲು ಬದಲು ಮಾಡುತ್ತೆ, ತಿರುವಿನ ಬಗ್ಗೆ ಚಿಂತೆ ಬೇಡ. ಅಡ್ಡ ಗೀರು ರೀಮರ್ (ತೂತನ್ನು ಅಳತೆಗೆ ತರುವ ಉಪಕರಣ) ಬಿಟ್ಟ ಗುರುತು, ಕಾರ್ಖಾನೆಯಿಂದ ಹೊರಡುವಾಗಲೇ ಇದ್ದದ್ದು. 5 ಮಿ.ಮೀ. ಜಾಗ ಇಡೀ ಲ್ಯಾಪ್‌ಟಾಪ್ ಪರದೆ ತುಂಬಿದಾಗ ಒಳ್ಳೆಯ ಬ್ಯಾರೆಲ್ ಕೂಡ ಉತ್ತ ಹೊಲದ ಹಾಗೆ ಕಾಣುತ್ತೆ. ಅದನ್ನು ಉಜ್ಜಿ ನುಣುಪು ಮಾಡಲು ಹೋಗಬೇಡಿ. ಸ್ಕೋಪ್ ಕೈಗೆ ಬಂದಮೇಲೆ ಬ್ಯಾರೆಲ್ ಹಾಳಾಗೋದು ಹೀಗೇ.

ಗುಳಿ ತುಕ್ಕಿನದೇ. ಕೊರೆದುಹೋದ ಲೋಹ ವಾಪಸ್ ಬರಲ್ಲ, ಬೆಳೆಯದಂತೆ ತಡೆಯಬಹುದು. ಫೋಮ್ ಇರುವ ಕೇಸ್ ಮಳೆಗಾಲದಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತೆ, ಅದನ್ನು ಸಾಗಾಟಕ್ಕೆ ಮಾತ್ರ ಬಳಸಿ. ಮನೆಯಲ್ಲಿ ಬೀಗವಿರುವ ಕಪಾಟಿನಲ್ಲಿ ಬೋರ್‌ಗೆ ತೆಳು ಎಣ್ಣೆ ಹಚ್ಚಿ, ಸಿಲಿಕಾ ಜೆಲ್ ಇಟ್ಟು ನಿಲ್ಲಿಸಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಓವನ್‌ನಲ್ಲಿ 110–120 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಬಹುದು. ಶೂಟ್ ಮಾಡುವ ಮೊದಲು ಆ ಎಣ್ಣೆಯನ್ನು ಒಣ ಪ್ಯಾಚಿನಿಂದ ತೆಗೆಯೋದು ಮರೆಯಬೇಡಿ.

ಲ್ಯಾಂಡ್‌ಗ್ರೂವ್

ಬ್ಯಾರೆಲ್ ಬದಲಿಸಬೇಕೇ ಅನ್ನೋದನ್ನು ಪರದೆ ಹೇಳಲ್ಲ, ಗುರಿಯ ಕಾಗದ ಹೇಳುತ್ತೆ. ಪೂರ್ತಿ ಸ್ವಚ್ಛ ಮಾಡಿದ ಬೋರ್‌ಗೆ ಮೇಣ, ಸೀಸದ ಪೊರೆ ಮತ್ತೆ ಕೂರಬೇಕು, ಆದ್ದರಿಂದ ಮೊದಲ 10–15 ಗುಂಡು ಲೆಕ್ಕಕ್ಕೆ ಬೇಡ. ಆಮೇಲೆ ಬೆಂಚ್ ರೆಸ್ಟ್‌ನಿಂದ 50 ಮೀಟರ್‌ಗೆ, ಹತ್ತು ಗುಂಡಿನ ನಾಲ್ಕು ಗುಂಪು, ಎರಡು ಬೇರೆ ಲಾಟ್ (ತಯಾರಿಕೆಯ ಕಂತು) ಗುಂಡಿನಲ್ಲಿ. ಎರಡೂ ಲಾಟ್‌ನಲ್ಲಿ ಕೆಟ್ಟರೆ ಮಾತ್ರ ಗುಳಿಯ ಚಿತ್ರಗಳನ್ನು ತಗೊಂಡು ಲೈಸೆನ್ಸ್ ಇರುವ ಆರ್ಮರರ್‌ನ ನೋಡಿ. ಚಿತ್ರದ ಫೈಲ್ ಹೆಸರಲ್ಲಿ ತಾರೀಖು, ಬ್ರೀಚ್‌ನಿಂದ ಎಷ್ಟು ಮಿ.ಮೀ., ಗಂಟೆ ಎಷ್ಟರ ಜಾಗ, ಅಲ್ಲಿಯವರೆಗಿನ ಗುಂಡಿನ ಎಣಿಕೆ ಇವಿಷ್ಟೂ ಇರಲಿ. ಬೆಳಕಿನ ಮಟ್ಟವನ್ನೂ ಪ್ರತಿ ಸಲ ಅದೇ ಇಡಿ, ಇಲ್ಲದಿದ್ದರೆ ಮುಂದಿನ ಮಳೆಗಾಲದ ಚಿತ್ರದಲ್ಲಿ ಗುಳಿ ಬೆಳೆದಿದೆಯೋ ನೆರಳು ಬದಲಾಗಿದೆಯೋ ಗೊತ್ತಾಗಲ್ಲ.